ಮುರಿದ ಬ್ಯಾಂಡ್ ಮತ್ತೆ ಸೇರಿದ್ರೆ ದುಡ್ಡು ನಿಜವಾಗ್ಲೂ ಯಾರ ಕೈಗೆ ಹೋಗತ್ತೆ?

ಪ್ರಶ್ನೆ: ಸರ್, ಬ್ರಿಟನ್ನಿನ ಓಯಸಿಸ್ ರಾಕ್ ಬ್ಯಾಂಡಿನ ಅಣ್ಣತಮ್ಮ 16 ವರ್ಷ ಮುಖ ನೋಡ್ಕೊಳ್ದೆ ಇದ್ದೋರು ದುಡ್ಡಿಗೋಸ್ಕರ ಒಂದಾದ್ರು ಅಂತ ಎಲ್ಲಾ ಕಡೆ ಓದಿದೆ. 14 ಶೋಗೆ 40 ಕೋಟಿ ಪೌಂಡ್, ಅದ್ರಲ್ಲಿ ಒಬ್ಬೊಬ್ಬರಿಗೆ 5 ಕೋಟಿ ಪೌಂಡ್ ಅಂತ ಬಂದಿತ್ತು. ಇದು ನಿಜಾನಾ? ಅಷ್ಟು ದುಡ್ಡು ಸಿಗೋದಾದ್ರೆ ಮುರಿದುಹೋದ ಎಲ್ಲಾ ಗುಂಪುಗಳೂ ಯಾಕೆ ಸೇರ್ಕೊಳಲ್ಲ? ನನ್ ತಂಗಿಗೆ ಒನ್ ಡೈರೆಕ್ಷನ್ ಅನ್ನೋ ಪಾಪ್ ಗುಂಪಿನ ಹುಚ್ಚು, ಅವರು ಸೇರಿದ್ರೆ ಓಯಸಿಸ್ ಲೆಕ್ಕ ಎಲ್ಲಾ ಕೆಳಗೆ ಹೋಗತ್ತೆ ಅಂತಾಳೆ. ಹೌದಾ?

ಉತ್ತರ: ಲೈವ್ ಶೋಗಳ ಲೆಕ್ಕಪತ್ರ ನೋಡೋದು ನನ್ನ ಕೆಲಸ, ಅದಕ್ಕೆ ಇಂಥ ಪ್ರಶ್ನೆ ಬಂದ್ರೆ ನಾನು ಮೊದಲು ಭಾಗಾಕಾರ ಮಾಡ್ತೀನಿ. ನೀವೂ ಮಾಡಿ ನೋಡಿ. ಒಂದು ಶೋಗೆ ಸರಾಸರಿ 80,000 ಜನ ಅಂತ ಇಟ್ಕೊಳಿ, 14 ಶೋಗೆ 11.2 ಲಕ್ಷ ಜನ ಆಯ್ತು. 40 ಕೋಟಿ ಪೌಂಡನ್ನ ಅವರಿಗೆ ಹಂಚಿದ್ರೆ ತಲೆಗೆ 357 ಪೌಂಡ್ ಬರತ್ತೆ, ನಮ್ಮ ದುಡ್ಡಲ್ಲಿ ಹತ್ರಹತ್ರ 40,000 ರೂಪಾಯಿ. ಅಂದ್ರೆ ಮೂಲೆ ಸೀಟಲ್ಲಿ ಕೂತು ಸ್ಕ್ರೀನ್ ನೋಡ್ಕೊಂಡು ಹೋದವನೂ ಅಷ್ಟು ಖರ್ಚು ಮಾಡಿರ್ಬೇಕು. ಹಂಗೆಲ್ಲಾ ಆಗಲ್ಲ. ಆ 40 ಕೋಟಿ ಅನ್ನೋದು 2024ರ ಆಗಸ್ಟ್ ಕೊನೇಲಿ ಅನೌನ್ಸ್ ಆದಾಗ ಪತ್ರಿಕೆಗಳಲ್ಲಿ ಓಡಾಡಿದ ಅಂದಾಜು, ಟಿಕೆಟ್ ಜೊತೆ ಬೇರೆಬೇರೆ ಆದಾಯ ಎಲ್ಲಾ ಸೇರಿಸಿ ಹೇಳಿದ್ದು, ಆಮೇಲೆ ಅದನ್ನ ಕಾಪಿ ಮಾಡಿದವರು "ಸೇರಿಸಿ" ಅನ್ನೋದನ್ನ ಬಿಟ್ಟುಬಿಟ್ರು. ಅದ್ರ ಮೇಲೆ ಇನ್ನೊಂದು ಅಂಕಿನೂ ಇತ್ತು, ಬಾರ್ಕ್ಲೇಸ್ ಬ್ಯಾಂಕಿನವರ ಲೆಕ್ಕ, ಬ್ರಿಟನ್ ಶೋಗಳಿಗೆ ಫ್ಯಾನ್‌ಗಳು ಮಾಡೋ ಖರ್ಚು 100 ಕೋಟಿ ಪೌಂಡ್ ದಾಟತ್ತೆ ಅಂತ. ಅದ್ರಲ್ಲಿ ರೈಲು, ಹೋಟೆಲ್ ರೂಮು, ಊಟ, ಬಟ್ಟೆ ಎಲ್ಲಾ ಇದೆ. ಮ್ಯಾಂಚೆಸ್ಟರ್ ಹೋಟೆಲ್ ಮಾಲೀಕನ ಗಲ್ಲಾಪೆಟ್ಟಿಗೆನ ಬ್ಯಾಂಡಿನ ಗಲ್ಲಾಪೆಟ್ಟಿಗೆ ಅಂತ ಓದೋದು ತಪ್ಪು.

ಹಾಗಾದ್ರೆ ನಿಜವಾದ ಲೆಕ್ಕ ಹೆಂಗಿರತ್ತೆ? ಒಂದು ಸ್ಟೇಡಿಯಂ ಶೋ ತಗೊಂಡು ಹಾಕಿ ತೋರಿಸ್ತೀನಿ, ಅಂಕಿಗಳು ಉದಾಹರಣೆಗೆ ನಾನು ಹಿಡ್ಕೊಂಡಿದ್ದು, ಆದ್ರೆ ಕಟ್ ಆಗೋ ಜಾಗಗಳು ಮಾತ್ರ ಎಲ್ಲಾ ಕಡೆ ಇವೇ. 80,000 ಜನ, ಟಿಕೆಟ್ ಸರಾಸರಿ 130 ಪೌಂಡ್, ಒಟ್ಟು 104 ಲಕ್ಷ ಪೌಂಡ್. ಬ್ರಿಟನ್ನಲ್ಲಿ ಟಿಕೆಟ್ ಬೆಲೆ ಒಳಗೇ 20% ವ್ಯಾಟ್ ಇರತ್ತೆ, ಅದು ಹೋದ್ರೆ ಉಳಿಯೋದು 86.7 ಲಕ್ಷ. ಆಮೇಲೆ ಹಾಡು ಬರೆದೋರ ಪಾಲು, ಅಲ್ಲಿ ಪಿಆರ್‌ಎಸ್ ಅನ್ನೋ ಸಂಸ್ಥೆ ವಸೂಲಿ ಮಾಡತ್ತೆ, ದೊಡ್ಡ ಕಾನ್ಸರ್ಟ್‌ಗೆ 4.2%, ಅದು ಹೋಗಿ 83 ಲಕ್ಷ. ಸ್ಟೇಡಿಯಂ ಬಾಡಿಗೆ, ಸೆಕ್ಯುರಿಟಿ, ಆಂಬುಲೆನ್ಸ್, ಪೊಲೀಸು, ಜಾಹೀರಾತು, ಹುಲ್ಲಿನ ಮೇಲೆ ಹಾಸೋ ಫ್ಲೋರಿಂಗ್, ಇನ್ಶೂರೆನ್ಸ್, ಇದಕ್ಕೆಲ್ಲಾ 22 ಲಕ್ಷ ಅಂತ ಇಡಣ, ಉಳಿದದ್ದು 61. ಈಗ ಪ್ರಮೋಟರ್ ಜೊತೆ, ಅಂದ್ರೆ ದುಡ್ಡು ಹಾಕಿ ಶೋ ನಡೆಸೋನ ಜೊತೆ, ಹಂಚಿಕೆ. ಸಣ್ಣ ಬ್ಯಾಂಡಿಗೆ 80-20, 85-15 ಇರತ್ತೆ, ಈ ಮಟ್ಟದವರಿಗೆ 90-10, ಹಾಗಾಗಿ ಬ್ಯಾಂಡಿಗೆ 55 ಲಕ್ಷ. ಇಲ್ಲಿಗೆ ಮುಗೀತು ಅನ್ಕೊಬೇಡಿ, ಬ್ಯಾಂಡಿನ ಸ್ವಂತ ಖರ್ಚು ಇನ್ನೂ ಶುರುನೇ ಆಗಿಲ್ಲ. ಸ್ಟೇಜು, ಸೌಂಡು, ಲೈಟು, ಎಲ್‌ಇಡಿ, ಲಾರಿಗಳು, ಕ್ರ್ಯೂ ಸಂಬಳ, ಫ್ಲೈಟು, ತಿಂಗಳುಗಟ್ಟಲೆ ರಿಹರ್ಸಲ್, ಜೊತೆಗೆ ನುಡಿಸೋ ಸಂಬಳದ ಕಲಾವಿದರು, ಎಲ್ಲಾ ಸೇರಿ ಶೋಗೆ 15 ಲಕ್ಷ ಅಂದ್ರೆ 40 ಉಳೀತು. ಮ್ಯಾನೇಜರು, ಬುಕಿಂಗ್ ಏಜೆಂಟು, ಲಾಯರು, ಅಕೌಂಟೆಂಟು ಇವರ ಕಮಿಷನ್ ಬ್ಯಾಂಡಿಗೆ ಬಂದ 55ರ ಮೇಲೆ ಒಟ್ಟು 20% ಅಂದ್ರೂ 11 ಲಕ್ಷ. ಕೈಗೆ ಬಂದದ್ದು 29 ಲಕ್ಷ. ಅದ್ರ ಮೇಲೆ ಇನ್‌ಕಂ ಟ್ಯಾಕ್ಸ್ ಬೇರೆ, ಬ್ರಿಟನ್ನಿನ ಮೇಲಿನ ಸ್ಲ್ಯಾಬ್ 45%.

ಅಂದ್ರೆ ಟಿಕೆಟ್ ಕೌಂಟರಲ್ಲಿ 1 ರೂಪಾಯಿ ಬಿದ್ರೆ ಬ್ಯಾಂಡಿನವರ ಜೇಬಿಗೆ, ಟ್ಯಾಕ್ಸ್‌ಗೂ ಮುಂಚೆ, 28 ಪೈಸೆ. 14 ಶೋಗೆ 29 ಲಕ್ಷದಂತೆ 4 ಕೋಟಿ ಪೌಂಡ್ ಆಗತ್ತೆ, ಅದೂ ಇಬ್ಬರಿಗೂ ಸೇರಿ, ಹಾಗಾಗಿ "14 ಶೋಗೆ ತಲಾ 5 ಕೋಟಿ" ನನ್ನ ಲೆಕ್ಕಕ್ಕೆ ಕೂರಲ್ಲ. ಆದ್ರೆ ಅವರು 14ಕ್ಕೆ ನಿಲ್ಲಿಸಲಿಲ್ವಲ್ಲ. 14 ಹೋಗಿ 17 ಆಯ್ತು, ಲಂಡನ್ನಿನ ವೆಂಬ್ಲಿ ಸ್ಟೇಡಿಯಂಗೆ ಇನ್ನೂ ಎರಡು ಸೇರಿ 19 ಆಯ್ತು, ಆಮೇಲೆ ಅಮೆರಿಕ, ಮೆಕ್ಸಿಕೋ, ಕೊರಿಯಾ, ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ ಸುತ್ತಿ 2025ರ ನವೆಂಬರಲ್ಲಿ ಸಾವೊ ಪಾವ್ಲೋದಲ್ಲಿ ಮುಗಿಸೋ ಹೊತ್ತಿಗೆ ಒಟ್ಟು 41 ಶೋ. ನನ್ನ ಅದೇ 29 ಲಕ್ಷನ 41ಕ್ಕೆ ಹಾಕಿದ್ರೆ 11.9 ಕೋಟಿ. ಎಲ್ಲಾ ಕಡೆ 80,000 ಜನ ಇರಲ್ಲ, ಟ್ಯಾಕ್ಸ್ ಬೇರೆ, ಟಿಕೆಟ್ ಬೆಲೆನೂ ಬೇರೆ, ಇರ್ಲಿ, ಆದ್ರೂ ತಲಾ 5 ಕೋಟಿ ಅನ್ನೋದು ಈಗ ಹುಚ್ಚು ಅಂಕಿ ಅನ್ಸಲ್ಲ. ಸರಿಯಾದ ಉತ್ತರ ತಪ್ಪು ಲೆಕ್ಕದಿಂದ ಬಂದಿತ್ತು, ಅಷ್ಟೇ.

ಇದ್ರಲ್ಲಿ ಇನ್ನೊಂದು ವಿಷ್ಯ ಇದೆ, ಯಾಕೆ ರಿಯೂನಿಯನ್ ಅಂದ್ರೆ ಯಾವಾಗ್ಲೂ ಉದ್ದದ ಟೂರೇ ಆಗತ್ತೆ ಅನ್ನೋದಕ್ಕೆ. ರಿಹರ್ಸಲ್, ಸ್ಟೇಜ್ ಡಿಸೈನು, ವಿಡಿಯೋ ಕಂಟೆಂಟು, ವಕೀಲರ ಫೀಸು, ಇದೆಲ್ಲಾ ಒಂದು ಶೋ ಮಾಡಿದ್ರೂ ಅಷ್ಟೇ 40 ಶೋ ಮಾಡಿದ್ರೂ ಅಷ್ಟೇ. ಮೊದಲ ಕೆಲವು ಶೋ ಬರೀ ಈ ಖರ್ಚು ತೀರಿಸಕ್ಕೆ ಹೋಗತ್ತೆ, ಲಾಭ ಹುಟ್ಟೋದು ಆಮೇಲೆ. ಅದಕ್ಕೇ ಪ್ರಮೋಟರ್‌ಗಳು ಒಂದೊಂದು ಶೋ ಕೊಳ್ಳಲ್ಲ, ಇಡೀ ಟೂರನ್ನೇ ಗ್ಯಾರಂಟಿ ಕೊಟ್ಟು ಕೊಂಡುಬಿಡ್ತಾರೆ, ಒಂದು ಊರಿನ ನಷ್ಟನ ಇನ್ನೊಂದು ಊರಿನ ಲಾಭದಲ್ಲಿ ಮುಚ್ಕೊತಾರೆ. "ಕೆಲವೇ ಶೋ ಮಾತ್ರ" ಅಂತ ಮೊದಲು ಅನೌನ್ಸ್ ಮಾಡಿ, ಗಲಾಟೆ ಎದ್ದಾಗ "ಜನರ ಒತ್ತಾಯದ ಮೇರೆಗೆ" ಅಂತ ಸೇರಿಸ್ತಾರಲ್ಲ, ಆ ಡೇಟುಗಳು ಬಹಳಷ್ಟು ಸಲ ಮೊದಲೇ ಹೋಲ್ಡ್ ಮಾಡಿಟ್ಟಿದ್ದೇ ಆಗಿರತ್ತೆ. ಸ್ಟೇಡಿಯಂಗಳು ವರ್ಷ ಮುಂಚೆನೇ ಬುಕ್ ಆಗ್ತವೆ, ಒಂದು ವಾರದಲ್ಲಿ ವೆಂಬ್ಲಿ ಖಾಲಿ ಸಿಗತ್ತಾ ಹೇಳಿ.

ಈಗ ಮುಖ್ಯ ಮಾತಿಗೆ ಬರ್ತೀನಿ. ಈ 28 ಪೈಸೆ ಸ್ಟೇಜ್ ಮೇಲೆ ನಿಂತ ಎಲ್ಲರಿಗೂ ಸಮ ಹಂಚಿಕೆ ಆಗತ್ತೆ ಅಂತ ಜನ ಅನ್ಕೊಂಡಿರ್ತಾರೆ. ಆಗಲ್ಲ. ಯಾರಿಗೆ ಎಷ್ಟು ಅನ್ನೋದು 20-22 ವಯಸ್ಸಲ್ಲಿ, ದುಡ್ಡೇ ಇಲ್ಲದಾಗ, ಓದದೇ ಸೈನ್ ಹಾಕಿದ ಕಾಗದಗಳ ಮೇಲೆ ನಿಂತಿರತ್ತೆ. ಹಾಡು ಯಾರ ಹೆಸರಲ್ಲಿದೆ, ಬ್ಯಾಂಡಿನ ಹೆಸರು ಯಾರ ಹೆಸರಲ್ಲಿದೆ. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲು ಆಗುವಾಗ ಯಾರು ಎಷ್ಟು ಗೇದ್ರು ಅನ್ನೋದನ್ನ ಯಾರೂ ಕೇಳಲ್ಲ, ಪಹಣಿ ಯಾರ ಹೆಸರಲ್ಲಿದೆ ಅಂತ ನೋಡ್ತಾರೆ, ಇಲ್ಲೂ ಹಂಗೇ.

ಓಯಸಿಸ್‌ನಲ್ಲಿ ಹಾಡುಗಳನ್ನ ಹೆಚ್ಚುಕಮ್ಮಿ ಎಲ್ಲಾ ಬರೆದಿದ್ದು ಅಣ್ಣ ನೋಯೆಲ್, ಹಾಡಿದ್ದು ತಮ್ಮ ಲಿಯಮ್. ಮೇಲೆ ಹೇಳಿದ 4.2% ಇದೆಯಲ್ಲ, 104 ಲಕ್ಷದ ಶೋದಲ್ಲಿ ಸುಮಾರು 3.6 ಲಕ್ಷ ಪೌಂಡ್, ಅದು ಬರೆದವನ ಕಡೆಗೆ ಹೋಗತ್ತೆ, ಅವನ ಪಬ್ಲಿಷರ್, ಅಂದ್ರೆ ಹಾಡಿನ ಹಕ್ಕು ನೋಡ್ಕೊಳೋ ಕಂಪನಿ, ಅದ್ರ ಪಾಲು ಕಳೆದು. ಅಂದ್ರೆ ಇಬ್ಬರೂ ಒಂದೇ ಸ್ಟೇಜಲ್ಲಿ ಎರಡು ಗಂಟೆ ನಿಂತ್ರೂ ಇಬ್ಬರೂ ಒಂದೇ ದುಡ್ಡು ತಗೊಂಡು ಮನೆಗೆ ಹೋಗಲ್ಲ. ಅದಷ್ಟೇ ಅಲ್ಲ, ರಿಯೂನಿಯನ್ ಅಂದ ತಕ್ಷಣ ಹಳೇ ಹಾಡುಗಳು ಮತ್ತೆ ಓಡಕ್ಕೆ ಶುರುವಾಗ್ತವೆ. 2024ರ ಸೆಪ್ಟೆಂಬರಲ್ಲಿ, ಒಂದೂ ಶೋ ಆಗೋಕೆ ಮುಂಚೆನೇ, ಬ್ರಿಟನ್ ಚಾರ್ಟಿನ ಟಾಪ್ 5ರಲ್ಲಿ ಓಯಸಿಸ್‌ನ ಮೂರು ಆಲ್ಬಮ್ ಇತ್ತು. ಸ್ಟ್ರೀಮಿಂಗ್, ರೇಡಿಯೋ, ಜಾಹೀರಾತಿಗೆ ಹಾಡು ಕೊಡೋದು, ಇದ್ರಲ್ಲೆಲ್ಲಾ ಬರೆದು ತಾನೇ ನುಡಿಸಿದವನಿಗೆ ಎರಡು ಕಡೆಯಿಂದ ಪಾಲು, ಬರೀ ಹಾಡಿದವನಿಗೆ ಒಂದು ಕಡೆಯಿಂದ. ಇನ್ನು ಹೊರಗೆ ಬಿದ್ದವರ ಕಥೆ ಕೇಳಿ. ಓಯಸಿಸ್‌ನ ಮೊದಲ ಡ್ರಮ್ಮರ್ ಟೋನಿ ಮೆಕ್ಯಾರಲ್ 1995ರಲ್ಲಿ ಹೊರಬಿದ್ದ, ಕೋರ್ಟಿಗೆ ಹೋದ, 1999ರಲ್ಲಿ 5.5 ಲಕ್ಷ ಪೌಂಡಿಗೆ ರಾಜಿ ಆಗಿ ಮುಂದಿನ ರಾಯಲ್ಟಿ ಬಿಟ್ಟುಕೊಟ್ಟ. ಆಗ ಅದು ದೊಡ್ಡ ದುಡ್ಡೇ. ನನ್ನ ಉದಾಹರಣೆ ಶೋ ತಗೊಂಡ್ರೆ, ಬರೆದವರಿಗೆ ಹೋಗೋ ಆ 4.2% ಎರಡೇ ರಾತ್ರಿಲಿ ಅದನ್ನ ದಾಟಿಬಿಡತ್ತೆ.

ಈ ಹಂಚಿಕೆ ಜಗಳ ಓಯಸಿಸ್‌ಗಿಂತ ಹಳೇದು. ಅಮೆರಿಕದ ಈಗಲ್ಸ್ ಬ್ಯಾಂಡಿನೋರು 1980ರಲ್ಲಿ ಮುರಿದ್ರು, ನರಕ ಹೆಪ್ಪುಗಟ್ಟಿದ್ರೆ ಸೇರ್ತೀವಿ ಅಂದಿದ್ರು, 1994ರಲ್ಲಿ ಸೇರಿದಾಗ ಟೂರಿಗೇ ಆ ಹೆಸರಿಟ್ರು, ಟಿಕೆಟ್ ಬೆಲೆ 100 ಡಾಲರ್ ದಾಟಿಸಿದ್ರು, ಜನ ಬೈದ್ರು, ಬೈಕೊಂಡೇ ಕೊಂಡ್ರು. ಆದ್ರೆ ಮೊದಲಿದ್ದ ಸಮಪಾಲು ಹೋಗಿ ಡಾನ್ ಹೆನ್ಲಿ, ಗ್ಲೆನ್ ಫ್ರೈ ಇಬ್ಬರಿಗೆ ಜಾಸ್ತಿ ಅಂತ ಆಯ್ತು, ಗಿಟಾರಿಸ್ಟ್ ಡಾನ್ ಫೆಲ್ಡರ್ ಅದನ್ನ ಕೆದಕ್ತಾ ಹೋದ, 2001ರಲ್ಲಿ ಅವನನ್ನ ತೆಗೆದ್ರು, ಕೇಸು 2007ರಲ್ಲಿ ಕೋರ್ಟ್ ಹೊರಗೆ ಮುಗೀತು.

ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ವಿಷಯದಲ್ಲಿ ನಮ್ಮೂರಿನವರಿಗೇ ಕಣ್ಣಾರೆ ಕಂಡ ಸಾಕ್ಷಿ ಇದೆ. 2012ರ ಡಿಸೆಂಬರಲ್ಲಿ ಅವರು ಬೆಂಗಳೂರಿಗೆ ಬಂದಿದ್ರು ನೆನಪಿದೆಯಾ? ಬಂದಿದ್ದು ಹಾಡುಗಾರ ಆಕ್ಸಲ್ ರೋಸ್, ಗಿಟಾರಿಸ್ಟ್ ಸ್ಲ್ಯಾಶ್ ಇರಲಿಲ್ಲ, ಬಾಸ್ ಗಿಟಾರಿನ ಡಫ್ ಇರಲಿಲ್ಲ. ಆದ್ರೂ ಪೋಸ್ಟರಲ್ಲಿ ಗನ್ಸ್ ಎನ್ ರೋಸಸ್ ಅಂತಾನೇ ಇತ್ತು, ಯಾಕಂದ್ರೆ ಹೆಸರು ಆಕ್ಸಲ್ ಕೈಲಿತ್ತು. ಅದೇ ವರ್ಷ ರಿಯೂನಿಯನ್ ಬಗ್ಗೆ ಕೇಳಿದ್ರೆ ಈ ಜನ್ಮದಲ್ಲಿ ಆಗಲ್ಲ ಅಂದಿದ್ದ ಮನುಷ್ಯ 2016ರಲ್ಲಿ ಇಬ್ಬರನ್ನೂ ಸೇರಿಸ್ಕೊಂಡು ಆ ಮಾತನ್ನೇ ಟೂರಿನ ಹೆಸರು ಮಾಡ್ದ. 2019ರವರೆಗೆ 158 ಶೋ, 58.4 ಕೋಟಿ ಡಾಲರ್. ಅದೇ ಹೆಸರು, ಅದೇ ಹಾಡುಗಳು, ಅದೇ ಹಾಡುಗಾರ, ಆದ್ರೆ ಸ್ಲ್ಯಾಶ್ ಇಲ್ಲದಾಗ ಅರೀನಾ ತುಂಬಿಸಕ್ಕೆ ಒದ್ದಾಟ, ಸ್ಲ್ಯಾಶ್ ಬಂದ ಮೇಲೆ ಸ್ಟೇಡಿಯಂ. ಆ ಎರಡರ ನಡುವಿನ ವ್ಯತ್ಯಾಸನೇ ರಿಯೂನಿಯನ್ ಬೆಲೆ, ನನ್ನ ಪ್ರಕಾರ ಇದಕ್ಕಿಂತ ಚೊಕ್ಕ ಉದಾಹರಣೆ ಇನ್ನೊಂದಿಲ್ಲ. ಅದ್ರಲ್ಲೂ ಹಳೇ ಗಿಟಾರಿಸ್ಟ್ ಇಜ್ಜಿ ಸ್ಟ್ರ್ಯಾಡ್ಲಿನ್ ಸೇರಲಿಲ್ಲ, ಸಮವಾಗಿ ಹಂಚಕ್ಕೆ ಅವರಿಗೆ ಮನಸ್ಸಿರಲಿಲ್ಲ ಅಂತ ಟ್ವಿಟರಲ್ಲಿ ನೇರವಾಗಿ ಬರ್ದ. ಇಜ್ಜಿ ಇಲ್ದೇನೂ ಟಿಕೆಟ್ ಹೋಯ್ತು ಅನ್ನೋದು ಬೇಜಾರಿನ ಸತ್ಯ. ಪ್ರಮೋಟರ್‌ಗಳು ಬಾಯಿಬಿಟ್ಟು ಹೇಳಲ್ಲ, ಆದ್ರೆ ಯಾವ ಮೆಂಬರ್ ಬಂದ್ರೆ ಟಿಕೆಟ್ ಎಷ್ಟು ಏರತ್ತೆ, ಯಾರು ಬರದಿದ್ರೂ ನಡಿಯತ್ತೆ ಅನ್ನೋ ಲೆಕ್ಕ ಎಲ್ಲರ ಹತ್ರನೂ ಇರತ್ತೆ.

ಆ ಲೆಕ್ಕ ತಪ್ಪಿದ್ರೆ ಏನಾಗತ್ತೆ ಅಂದ್ರೆ ಸುಪ್ರೀಮ್ಸ್ ಅನ್ನೋ ಅಮೆರಿಕದ ಗಾಯಕಿಯರ ಗುಂಪಿಗೆ ಆದದ್ದು ಆಗತ್ತೆ. 2000ದಲ್ಲಿ ಡಯಾನಾ ರಾಸ್ ಮೂಲ ಜೊತೆಗಾರ್ತಿ ಮೇರಿ ವಿಲ್ಸನ್ ಇಲ್ದೇನೇ, ರಾಸ್ ಬಿಟ್ಟುಹೋದಮೇಲೆ ಗುಂಪಿಗೆ ಸೇರಿದ್ದ ಇಬ್ಬರನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು ರಿಯೂನಿಯನ್ ಟೂರ್ ಅಂತ ಹೊರಟ್ರು. ವಿಲ್ಸನ್‌ಗೆ ಆಫರ್ ಆಗಿದ್ದ ದುಡ್ಡು ರಾಸ್ ದುಡ್ಡಿನ ಪಕ್ಕ ಇಟ್ರೆ ಕಾಣದಷ್ಟು ಚಿಕ್ಕದು ಅಂತ ಆಗ ದೊಡ್ಡ ಸುದ್ದಿ ಆಗಿತ್ತು, ಆಕೆ ಒಪ್ಪಲಿಲ್ಲ. ಮೇಲಿನ ಟಿಕೆಟ್ 250 ಡಾಲರ್. ಆದ್ರೆ ಜನ ದುಡ್ಡು ಕೊಡೋದು ಒಟ್ಟಿಗೆ ಇದ್ದವರು ಮತ್ತೆ ಒಟ್ಟಿಗೆ ನಿಂತಿದ್ದು ನೋಡಕ್ಕೆ, ಈ ಮೂವರು ಗುಂಪಾಗಿ ಯಾವತ್ತೂ ಒಟ್ಟಿಗೆ ಹಾಡೇ ಇರಲಿಲ್ಲ. ಬೇಸಿಗೆ ಮಧ್ಯದಲ್ಲೇ, ಅರ್ಧ ಟೂರೂ ಮುಗೀದೇ, ಕ್ಯಾನ್ಸಲ್ ಆಯ್ತು. ಹಾಡು ಚೆನ್ನಾಗಿದ್ರೂ, ರಾಸ್ ಎಷ್ಟೇ ದೊಡ್ಡ ಹೆಸರಾದ್ರೂ.

ಹೆಸರಿನ ಕಾಗದದ ಬಗ್ಗೆ ಎರಡು ಮಾತು, ಯಾಕಂದ್ರೆ ಪಾಪ್ ಗುಂಪುಗಳಲ್ಲಿ ರಾಕ್ ಬ್ಯಾಂಡಿಗಿಂತ ಇದು ದೊಡ್ಡ ತಲೆನೋವು. ರಾಕ್ ಬ್ಯಾಂಡನ್ನ ಹುಡುಗರೇ ಕಟ್ಕೊಂಡಿರ್ತಾರೆ, ಪಾಪ್ ಗುಂಪನ್ನ ಕಂಪನಿ ಆಡಿಷನ್ ಮಾಡಿ ಕಟ್ಟಿರತ್ತೆ, ಹೆಸರು ಟ್ರೇಡ್‌ಮಾರ್ಕ್ ಆಗಿ ಬೇರೆಯವರ ಬೀರುವಿನಲ್ಲಿರತ್ತೆ. ಬ್ರಿಟನ್ನಿನ ಶುಗಬೇಬ್ಸ್ ಗುಂಪಿನ ಮೂಲ ಮೂವರು ಹುಡುಗೀರು 2012ರಲ್ಲಿ ಸೇರಿದಾಗ ಸ್ವಂತ ಗುಂಪಿನ ಹೆಸರು ಬಳಸೋ ಹಂಗಿರಲಿಲ್ಲ, ತಮ್ಮ ಹೆಸರುಗಳ ಮೊದಲಕ್ಷರ ಸೇರಿಸಿ ಎಂಕೆಎಸ್ ಅಂತ ಇಟ್ಕೊಂಡ್ರು, ಯಾರಿಗೂ ಗೊತ್ತಾಗಲಿಲ್ಲ, ಹೆಸರು ವಾಪಸ್ ಸಿಕ್ಕಿದ್ದು 2019ರಲ್ಲಿ, ಆಮೇಲೆ ನೋಡಿ ಅವರ ಬಂಡಿ ಓಡಿದ್ದು. ಕೊರಿಯಾದ ಎಚ್‌ಓಟಿ ಇನ್ನೂ ಮಜಾ. ಕೆ-ಪಾಪ್‌ನ ಮೊದಲ ತಲೆಮಾರಿನ ದೊಡ್ಡ ಗುಂಪು, 2001ರಲ್ಲಿ ಮುರಿದಿತ್ತು, 2018ರ ಅಕ್ಟೋಬರಲ್ಲಿ ಸೋಲ್‌ನ ಜಾಮ್ಸಿಲ್ ಒಲಿಂಪಿಕ್ ಸ್ಟೇಡಿಯಂನಲ್ಲಿ ಐದೂ ಜನ ಸೇರಿದ್ರು, ಆದ್ರೆ ಟ್ರೇಡ್‌ಮಾರ್ಕ್ ಜಗಳದಿಂದ ಆ ಮೂರಕ್ಷರ ಹಾಕೋ ಹಂಗಿಲ್ಲ, ಪೋಸ್ಟರಲ್ಲಿ ಪೂರ್ತಿ ಹೆಸರು ಬಿಡಿಸಿ ಬರೆದು ಮಾಡಿದ್ರು. ಫ್ಯಾನ್‌ಗಳಿಗೆ ಅದು ಯಾರು ಅಂತ ಗೊತ್ತಾಗದೇ ಇರತ್ತಾ, ಸ್ಟೇಡಿಯಂ ತುಂಬ್ತು. ಆದ್ರೆ ಟೀ ಶರ್ಟು, ಲೈಟ್ ಸ್ಟಿಕ್ಕು, ಪೋಸ್ಟರು ಮಾರೋ ಕಡೆ ಹೆಸರೇ ಸರಕು, ಅಲ್ಲಿ ಹೆಸರಿಲ್ಲ ಅಂದ್ರೆ ನೇರ ಹೊಡೆತ. ಈ ಸರಕಿನಲ್ಲೂ ಪೂರ್ತಿ ಬ್ಯಾಂಡಿಗೆ ಬರಲ್ಲ ಬಿಡಿ, ಸ್ಟೇಡಿಯಂನೋರು ಕಾಲು ಭಾಗದಷ್ಟು ಕಮಿಷನ್ ಹಿಡ್ಕೊಳ್ಳೋದು ಸಾಮಾನ್ಯ. ಅದಕ್ಕೇ ಓಯಸಿಸ್‌ನೋರು ಊರೊಳಗೆ ಬೇರೆ ಅಂಗಡಿಗಳನ್ನೇ ತೆಗೆದ್ರು, ಅಡಿಡಾಸ್ ಜೊತೆ ಸೇರಿ ಬಟ್ಟೆ ಬಿಟ್ರು. ಅಂಗಡಿಗೆ ಬಾಡಿಗೆ ಕೊಡಬೇಕು ನಿಜ, ಆದ್ರೆ ಟಿಕೆಟ್ ಸಿಗದೇ ಇರೋನೂ ಬಂದು ಜಾಕೆಟ್ ತಗೊಂಡು ಹೋಗ್ತಾನೆ.

ಟಿಕೆಟ್ ಬೆಲೆ ಗಲಾಟೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ದೇ ಇರಕ್ಕಾಗಲ್ಲ. ಕ್ಯೂನಲ್ಲಿ ಗಂಟೆಗಟ್ಟಲೆ ಕಾದವರಿಗೆ 150 ಪೌಂಡ್ ಹತ್ರ ಇದ್ದ ನಿಂತು ನೋಡೋ ಟಿಕೆಟ್ 355 ಅಂತ ತೋರಿಸ್ತು, ಊರೆಲ್ಲಾ ಬೈಗುಳ. ಬ್ಯಾಂಡಿನೋರು ಬೆಲೆ ಎಲ್ಲಾ ಪ್ರಮೋಟರ್, ಮ್ಯಾನೇಜ್‌ಮೆಂಟ್ ನೋಡ್ಕೊಂಡಿದ್ದು ನಮಗೆ ಗೊತ್ತಿರಲಿಲ್ಲ ಅಂದ್ರು, ಬೇಡಿಕೆ ನೋಡ್ಕೊಂಡು ಬೆಲೆ ಏರಿಸೋ ಪದ್ಧತಿನ ಅಮೆರಿಕ ಶೋಗೆ ಕೈಬಿಟ್ರು, ಬ್ರಿಟನ್ನಿನ ಸ್ಪರ್ಧಾ ನಿಯಂತ್ರಣ ಸಂಸ್ಥೆ ಸಿಎಂಎ, ಟಿಕೆಟ್ ಮಾರೋ ಕಂಪನಿ ಟಿಕೆಟ್‌ಮಾಸ್ಟರ್ ಮೇಲೆ ತನಿಖೆ ಮಾಡಿ, 2025ರ ಸೆಪ್ಟೆಂಬರಲ್ಲಿ ಹಂತಹಂತದ ಬೆಲೆ ಇದ್ರೆ 24 ಗಂಟೆ ಮುಂಚೆ ತಿಳಿಸ್ತೀವಿ ಅಂತ ಅವರಿಂದ ಬರೆಸ್ಕೊಂಡ್ರು. ನ್ಯಾಯ ಅನ್ಯಾಯ ಬಿಡಿ, ಲೆಕ್ಕದವನಾಗಿ ನನಗೆ ಕಾಣೋದು ಇಷ್ಟು: ಆ ಟಿಕೆಟ್ಟನ್ನ ಬ್ಲಾಕಲ್ಲಿ ಸಾವಿರಾರು ಪೌಂಡಿಗೆ ಕೊಳ್ಳೋರು ಇದ್ದೇ ಇದ್ರು. ಬೆಲೆ ಕಡಿಮೆ ಇಟ್ರೆ ಆ ವ್ಯತ್ಯಾಸ ಬ್ಲಾಕ್ ಮಾರೋನಿಗೆ, ಜಾಸ್ತಿ ಇಟ್ರೆ ಬ್ಯಾಂಡಿಗೆ, ಜೊತೆಗೆ ಬೈಗುಳನೂ ಬ್ಯಾಂಡಿಗೆ. 2025ರ ನವೆಂಬರಲ್ಲಿ ಬ್ರಿಟನ್ ಸರ್ಕಾರ ಮುಖಬೆಲೆಗಿಂತ ಜಾಸ್ತಿಗೆ ಟಿಕೆಟ್ ಮರುಮಾರಾಟ ನಿಷೇಧ ಮಾಡ್ತೀವಿ ಅಂತ ಘೋಷಣೆ ಮಾಡಿದೆ, ಅದು ಜಾರಿಗೆ ಬಂದ್ರೆ ಮುಂದಿನ ರಿಯೂನಿಯನ್‌ಗಳ ಲೆಕ್ಕ ಬೇರೆ ಥರ ಇರತ್ತೆ.

ಇಂಡಿಯಾಗೆ ಯಾಕೆ ಬರಲ್ಲ ಅಂತನೂ ಕೆಲವರು ಕೇಳ್ತಾರೆ. ವಿದೇಶಿ ಕಲಾವಿದರ ಫೀ ಮೇಲೆ ಇಲ್ಲಿ 20% ತೆರಿಗೆ, ಮೇಲೆ ಸರ್ಚಾರ್ಜ್, ಸೆಸ್. ಅವರು ಸಾಮಾನ್ಯವಾಗಿ "ನಮಗೆ ಕೈಗೆ ಇಷ್ಟು ಬರಬೇಕು, ತೆರಿಗೆ ನಿಮ್ಮದು" ಅಂತಾನೇ ಮಾತಾಡೋದು, ಸೋ ಆ ಭಾರ ಇಲ್ಲಿನ ಆರ್ಗನೈಸರ್ ಮೇಲೆ, ಅಲ್ಲಿಂದ ನಿಮ್ಮ ಟಿಕೆಟ್ ಮೇಲೆ. ಅಷ್ಟಾದ್ರೂ 2025ರ ಮೇ ತಿಂಗಳಲ್ಲಿ ಗನ್ಸ್ ಎನ್ ರೋಸಸ್ ಮುಂಬೈಗೆ ಬಂದ್ರು, ಸ್ಲ್ಯಾಶ್ ಸಮೇತ.

ಈಗ ನಿಮ್ಮ ಎರಡನೇ ಪ್ರಶ್ನೆ, ಎಲ್ಲರೂ ಯಾಕೆ ಸೇರಲ್ಲ. ಪ್ರೀತಿ, ದ್ವೇಷ, ಅಹಂಕಾರ ಅಂತ ಪತ್ರಿಕೆಯವರು ಬರೀತಾರೆ, ಅದೂ ಇರತ್ತೆ, ಆದ್ರೆ ನಾನು ಮೊದಲು ನೋಡೋದು ಗುಂಪಿನ ಅತಿ ದೊಡ್ಡ ಸ್ಟಾರ್ ಒಂಟಿಯಾಗಿ ಎಷ್ಟು ದುಡೀತಾನೆ ಅನ್ನೋದು. ಗುಂಪಿನಲ್ಲಿ ಸಿಗೋ ಪಾಲು ಅವನ ಸ್ವಂತ ದುಡಿಮೆಗಿಂತ ಜಾಸ್ತಿ ಇದ್ರೆ ದ್ವೇಷ ಎಲ್ಲಾ ಕರಗತ್ತೆ, ಕಡಿಮೆ ಇದ್ರೆ ಹಳೇ ಗಾಯ ನೆನಪಾಗತ್ತೆ. ಬ್ರಿಟನ್ನಿನ ಪಾಪ್ ಗುಂಪು ಟೇಕ್ ದಟ್ ನೋಡಿ. ಅದನ್ನ ಬಿಟ್ಟುಹೋಗಿದ್ದ ರಾಬಿ ವಿಲಿಯಮ್ಸ್ 2003ರಲ್ಲಿ ಒಬ್ಬನೇ ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಮೂರು ದಿನಕ್ಕೆ 3.75 ಲಕ್ಷ ಜನ ಸೇರಿಸಿದ್ದ, ಅವನಿಗೆ ಹಳೇ ಗುಂಪು ಯಾಕೆ ಬೇಕು, 2006ರಲ್ಲಿ ಉಳಿದ ನಾಲ್ಕು ಜನ ಅವನಿಲ್ದೇ ಸೇರಿದ್ರು. ಅವರು ಸ್ಟೇಡಿಯಂ ಮಟ್ಟಕ್ಕೆ ಏರಿದ್ರು, ಅವನ ಓಟ ನಿಧಾನ ಆಯ್ತು, 2011ರಲ್ಲಿ ಐದೂ ಜನ ಒಟ್ಟಿಗೆ, ವೆಂಬ್ಲಿಯಲ್ಲೇ ಎಂಟು ರಾತ್ರಿ. ಅವರು ಪ್ಲಾನ್ ಮಾಡಿದ್ದಲ್ಲ, ಆದ್ರೆ ವ್ಯಾಪಾರದ ದೃಷ್ಟಿಯಿಂದ ಇದಕ್ಕಿಂತ ಒಳ್ಳೇ ಪ್ಲಾನ್ ಯಾರೂ ಮಾಡಕ್ಕಾಗಲ್ಲ, ಒಂದೇ ಗುಂಪಿನ ರಿಯೂನಿಯನ್ ಎರಡು ಸಲ ಮಾರಿದ ಹಂಗಾಯ್ತು. ಸಾಮಾನ್ಯವಾಗಿ ಎರಡನೇ ಸಲ ಅದೇ ರೇಟು ಸಿಗಲ್ಲ, ಯಾಕಂದ್ರೆ ಜನ ಕೊಡೋದು ಆ ನಡುವಿನ ವರ್ಷಗಳಿಗೆ. 'ದಿ ಪೊಲೀಸ್' ಅನ್ನೋ ರಾಕ್ ಬ್ಯಾಂಡ್ 2007-08ರಲ್ಲಿ 36 ಕೋಟಿ ಡಾಲರ್ ಹತ್ರ ದುಡಿದು ಅಲ್ಲಿಗೇ ನಿಲ್ಲಿಸಿದ್ದು ಜಾಣತನ. ಸ್ಪೈಸ್ ಗರ್ಲ್ಸ್ 2008ರಲ್ಲಿ ಮುಗಿಸಿ 11 ವರ್ಷ ಬಿಟ್ಟು, ಐವರಲ್ಲಿ ಒಬ್ಬಳಾದ ವಿಕ್ಟೋರಿಯಾ ಬೆಕಮ್ ಇಲ್ದೇ ಬಂದ್ರೂ 13 ಸ್ಟೇಡಿಯಂ ಶೋಗೆ 7.8 ಕೋಟಿ ಡಾಲರ್ ಆಯ್ತು, ಆ 11 ವರ್ಷದ ಗ್ಯಾಪ್ ಇಲ್ದಿದ್ರೆ ಆಗ್ತಿತ್ತು ಅಂತ ನನಗನ್ಸಲ್ಲ.

ಬೇಡ ಅಂದವರೂ ಇದ್ದಾರೆ. ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನೋರು 2007ರ ಡಿಸೆಂಬರಲ್ಲಿ ಲಂಡನ್‌ನಲ್ಲಿ ಒಂದೇ ಒಂದು ಚ್ಯಾರಿಟಿ ಶೋ ಮಾಡಿದ್ರು, ಟಿಕೆಟ್ ಲಾಟರಿಗೆ 2 ಕೋಟಿ ಅರ್ಜಿ ಬಂತು ಅಂತ ಹೇಳಿದ್ರು, ಟೂರ್ ಮಾಡಿದ್ರೆ ದುಡ್ಡಿನ ಮಳೆ, ಆದ್ರೆ ಹಾಡುಗಾರ ರಾಬರ್ಟ್ ಪ್ಲಾಂಟ್ ಆಗ ಗಾಯಕಿ ಅಲಿಸನ್ ಕ್ರಾಸ್ ಜೊತೆ ಬೇರೆ ಥರದ ಸಂಗೀತದಲ್ಲಿ ಖುಷಿಯಾಗಿದ್ದ, ಬರಲಿಲ್ಲ. ಸ್ವೀಡನ್ನಿನ ಆಬಾ ಗುಂಪಿಗೆ 2000ದಲ್ಲಿ 100 ಶೋಗೆ 100 ಕೋಟಿ ಡಾಲರ್ ಆಫರ್ ಬಂದಿತ್ತು, ನಾಲ್ಕೂ ಜನ ಬೇಡ ಅಂದ್ರು. ಆಮೇಲೆ ಮಾಡಿದ್ದು ನೋಡಿ, 2022ರ ಮೇನಲ್ಲಿ ಲಂಡನ್‌ನಲ್ಲಿ ತಮಗೇ ಅಂತ 3,000 ಜನರ ಅರೀನಾ ಕಟ್ಟಿಸಿ, ಕಂಪ್ಯೂಟರಲ್ಲಿ ಮಾಡಿದ ತಮ್ಮ 1970ರ ದಶಕದ ರೂಪಗಳನ್ನ ನಿಲ್ಲಿಸಿ, ಪಕ್ಕದಲ್ಲಿ ನಿಜವಾದ ಹತ್ತು ಜನರ ಬ್ಯಾಂಡ್ ಇಟ್ಟು ಶೋ ಶುರು ಮಾಡಿದ್ರು. ಖರ್ಚು 14 ಕೋಟಿ ಪೌಂಡ್. ತುಂಬಾ ದೊಡ್ಡ ಜೂಜು, ಆದ್ರೆ ಗಂಟಲು ಕೆಡಲ್ಲ, ಜಗಳ ಆಗಲ್ಲ, ವಾರಕ್ಕೆ ಏಳು ಶೋ ಹಾಕ್ಬಹುದು, ನಾಲ್ಕು ಜನ ಮನೇಲಿ ಕೂತಿರ್ತಾರೆ. ಇನ್ಶೂರೆನ್ಸ್‌ನೋರು ಕಾಯಿಲೆಗೆ, ಅಪಘಾತಕ್ಕೆ ಕವರ್ ಕೊಡ್ತಾರೆ, ಅಣ್ಣತಮ್ಮ ಗ್ರೀನ್ ರೂಮಲ್ಲಿ ಹೊಡೆದಾಡ್ಕೊಂಡು ಮನೆಗೆ ಹೋದ್ರೆ ದುಡ್ಡು ಕೊಡಲ್ಲ. ಅಮೆರಿಕದ ಹಿಪ್-ಹಾಪ್ ಗುಂಪು ಫ್ಯೂಜೀಸ್ 2021ರಲ್ಲಿ ರಿಯೂನಿಯನ್ ಟೂರ್ ಅಂತ ಹೇಳಿ ಒಂದು ಶೋ ಮಾಡಿ ಬಾಕಿದೆಲ್ಲಾ ಬಿಟ್ರು, 2024ರಲ್ಲಿ ಮತ್ತೆ ಹೇಳಿ ಶುರುವಾಗೋ ಕೆಲವೇ ದಿನ ಮುಂಚೆ ಕ್ಯಾನ್ಸಲ್. ಅಂಥವರಿಗೆ ಮುಂದಿನ ಸಲ ಗ್ಯಾರಂಟಿ ಕೊಡೋ ಪ್ರಮೋಟರ್ ಹುಡುಕೋದು ಕಷ್ಟ.

ಇನ್ನು ನಿಮ್ಮ ತಂಗಿ ವಿಷ್ಯ. ಒನ್ ಡೈರೆಕ್ಷನ್ 2016ರಲ್ಲಿ ನಿಂತ್ರು, 2024ರ ಅಕ್ಟೋಬರಲ್ಲಿ ಅವರಲ್ಲೊಬ್ಬ ಲಿಯಮ್ ಪೇನ್ ತೀರ್ಕೊಂಡ, ಹಾಗಾಗಿ ಇದ್ದ ಐದು ಜನ ಒಟ್ಟಿಗೆ ಅನ್ನೋದು ಇನ್ನು ಇಲ್ಲ. ಉಳಿದ ನಾಲ್ವರು ಸೇರಿದ್ರೆ ಬೇಡಿಕೆ ಓಯಸಿಸ್ ಮಟ್ಟಕ್ಕೆ ಹೋಗತ್ತೆ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ, ಅವರ ಫ್ಯಾನ್ ಹುಡುಗೀರು ಈಗ ಕೆಲಸಕ್ಕೆ ಸೇರಿ ಸ್ವಂತ ಕಾರ್ಡಲ್ಲಿ ಟಿಕೆಟ್ ಕೊಳ್ಳೋ ವಯಸ್ಸಿಗೆ ಬಂದಿದ್ದಾರೆ, ರಿಯೂನಿಯನ್‌ಗೆ ಬೇಕಿರೋದೇ ಅದು. ಆದ್ರೆ ಆ ನಾಲ್ವರಲ್ಲಿ ದೊಡ್ಡ ಸ್ಟಾರ್ ಹ್ಯಾರಿ ಸ್ಟೈಲ್ಸ್ ಲೆಕ್ಕ ನೋಡಿ, 2021ರಿಂದ 2023ರವರೆಗೆ ಅವನೊಬ್ಬನ ಟೂರ್ 61 ಕೋಟಿ ಡಾಲರ್ ದಾಟಿದೆ, ಗನ್ಸ್ ಎನ್ ರೋಸಸ್ ರಿಯೂನಿಯನ್‌ಗಿಂತ ಜಾಸ್ತಿ, ಹಂಚಕ್ಕೆ ಬೇರೆ ಮೆಂಬರ್ ಯಾರೂ ಇಲ್ಲ. ಆ ದುಡ್ಡು ನಾಲ್ಕು ಪಾಲಾಗೋ ಕಡೆಗೆ ಅವನು ಬರಬೇಕಂದ್ರೆ ಒಂದೋ ಉಳಿದವರು ಸಣ್ಣ ಪಾಲಿಗೆ ಒಪ್ಪಬೇಕು, ಇಲ್ಲಾ ಅವನ ಸೋಲೋ ಮಾರ್ಕೆಟ್ ಇಳೀಬೇಕು. ಮೊದಲನೇದು ಈಗಲ್ಸ್ ದಾರಿ, ಎರಡನೇದು ಟೇಕ್ ದಟ್ ದಾರಿ. ಎರಡಕ್ಕೂ ಇನ್ನೂ ಹತ್ತು ವರ್ಷ ಹಿಡೀಬಹುದು ಅಂತ ನನ್ನ ಅಂದಾಜು, ಅಲ್ಲಿವರೆಗೆ ಹ್ಯಾರಿ ಒಬ್ಬನೇ ಬಂದ್ರೆ ಹೋಗಿ ನೋಡ್ಕೊಂಡು ಬರಕ್ಕೆ ಹೇಳಿ, ನಾಲ್ಕು ಜನರ ಟಿಕೆಟ್‌ಗಿಂತ ಅದು ಖಂಡಿತ ಅಗ್ಗ.